ಚಿಕ್ಕಪ್ಪನ ನಾಟಕಕ್ಕೆ ನಾನು ಹಕ್ಕುದಾರಳು

ಚಿಕ್ಕಪ್ಪ ಭದ್ರಾವತಿಯ ಕಾಗದನಗರದಲ್ಲಿದ್ದರು. ಕಾರ್ಖಾನೆಯಲ್ಲಿ ಪಾಳಿ ಕೆಲಸ, ಬಿಡುವಾದರೆ ನಾಟಕ. ಮದುವೆಯಾಗಲಿಲ್ಲ. ಅವರು ತೀರಿಕೊಂಡಾಗ ಹತ್ತಿರದವಳು ಅಂತ ಉಳಿದಿದ್ದು ಅಣ್ಣನ ಮಗಳಾದ ನಾನೊಬ್ಬಳೇ. ಅವರದು ಅಚ್ಚಾಗಿದ್ದು ಒಂದೇ ನಾಟಕ. ಅದನ್ನೂ ನಾನು ಓದಿರಲಿಲ್ಲ.

ಹೋದ ವರ್ಷ ದಸರಾ ಕಳೆದ ಮೇಲೆ ಅವರ ಗೆಳೆಯರೊಬ್ಬರು ಶಿವಮೊಗ್ಗದ ನಮ್ಮ ಮನೆ ಹುಡುಕಿಕೊಂಡು ಬಂದರು. ಆ ನಾಟಕದಲ್ಲಿ ರಾಜನ ಪಾತ್ರ ಮಾಡುತ್ತಿದ್ದವರು. ಕೈಯಲ್ಲಿ ಮೂಲೆ ಹರಿದ ಪ್ರತಿ.

"ಇದನ್ನ ಮತ್ತೆ ಅಚ್ಚು ಹಾಕಿಸ್ಬೇಕು ಕಣಮ್ಮ. ನಿನ್ನ ಒಪ್ಪಿಗೆ ಬೇಕು."

"ನಂದಾ? ಚಿಕ್ಕಪ್ಪ ಹೋಗಿ ಎಷ್ಟೋ ವರ್ಷ ಆಯ್ತಲ್ಲ ಅಂಕಲ್?"

"ಬರೆದೋರು ಸತ್ತ ಮೇಲೂ ಅರವತ್ತು ವರ್ಷ ವಾರಸುದಾರರಿಗೇ ಹಕ್ಕಂತೆ. ನಿನ್ನ ಕಾಲ ಮುಗಿದು ನಿನ್ನ ಮಕ್ಕಳ ಕಾಲಕ್ಕೂ ಬರತ್ತೆ ಬಿಡು" ಅಂತ ನಕ್ಕರು.

ಅಲ್ಲೇ ಎರಡು ಸಾಲು ಬರೆದುಕೊಡಬಹುದಿತ್ತು. ಹಕ್ಕು ಅನ್ನೋ ಮಾತು ಕಿವಿಗೆ ಬಿದ್ದದ್ದೇ ನನಗೇನೋ ದೊಡ್ಡಸ್ತಿಕೆ ಬಂತು. "ಮನೇಲಿ ಕೇಳಿ ಹೇಳ್ತೀನಿ" ಅಂದೆ.

ಯಜಮಾನರು, "ಸುಮ್ನೆ ಬರ್ಕೊಟ್ಟುಬಿಡ್ಬೇಡ ಮಾರಾಯ್ತಿ. ನಾಳೆ ಯಾರಾದ್ರೂ ಸಿನಿಮಾ ತೆಗೆದ್ರೆ? ಲಾಯರನ್ನ ಕೇಳೋಣ" ಅಂದರು. ಲಾಯರನ್ನು ಯಾರೂ ಕೇಳಲಿಲ್ಲ. ಚಿಕ್ಕಪ್ಪನ ಗೆಳೆಯರು ಫೋನ್ ಮಾಡಿದಾಗಲೆಲ್ಲ "ನೋಡ್ತಿದೀನಿ ಅಂಕಲ್" ಅನ್ನುತ್ತಿದ್ದೆ. ಆಮೇಲೆ ಫೋನ್ ನಿಂತಿತು. ನಿಂತಿದ್ದೇ ಒಳ್ಳೇದಾಯ್ತು ಅಂತಲೂ ಅನ್ನಿಸಿತ್ತು.

ಬೇಸಿಗೆಯಲ್ಲಿ ನೆಂಟರ ಮದುವೆಗೆಂದು ಭದ್ರಾವತಿಗೆ ಹೋದಾಗ ಗೊತ್ತಾಯಿತು, ಆ ಅಂಕಲ್‌ಗೆ ಲಕ್ವ ಹೊಡೆದು ಮಾತು ಹೋಗಿದೆ ಅಂತ. ಊಟಕ್ಕೂ ಕೂರದೆ ಅವರ ಮನೆಗೆ ಓಡಿದೆ. "ಈಗಲೇ ಬರ್ಕೊಡ್ತೀನಿ" ಅಂದರೆ ಅವರ ಹೆಂಡತಿ, "ಇನ್ನು ಯಾರಮ್ಮ ಓಡಾಡೋರು? ಆ ಹುಚ್ಚು ಇದ್ದಿದ್ದು ಇವರೊಬ್ಬರಿಗೇ" ಅಂದರು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಬೈಯಲಿಲ್ಲ, ಕಾಫಿ ಕೊಟ್ಟರು.

ಬರೆದವರ ಮಕ್ಕಳು ಮರಿ ಬೀದಿಪಾಲಾಗಬಾರದು ಅಂತಲೇ ಅರವತ್ತು ವರ್ಷ ಇಟ್ಟಿರಬೇಕು. ಆದರೆ ಓದದೇ ಇದ್ದವಳು ಆಡಿದವರನ್ನು ಬಾಗಿಲಲ್ಲಿ ಕಾಯಿಸುವುದಕ್ಕೂ ಅದೇ ಕಾನೂನು ಸಾಕಾಯಿತು.

ಪ್ರತಿ ಇಸಿದುಕೊಂಡು ಬಂದು ಕೋಟೆ ಹತ್ತಿರದ ಪ್ರೆಸ್ಸಿನಲ್ಲಿ ನಾನೇ ಅಚ್ಚು ಹಾಕಿಸಿದೆ. ಕರಡು ತಿದ್ದುತ್ತಾ ಮೊದಲ ಸಲ ಓದಿದೆ. ಯಾರು ಬೇಕಾದರೂ ಆಡಲಿ, ಯಾರು ಬೇಕಾದರೂ ಅಚ್ಚು ಹಾಕಲಿ ಅಂತ ಮೊದಲ ಪುಟದಲ್ಲೇ ಸೇರಿಸಿದೆ.

ಪುಸ್ತಕ ಕೊಡಲು ಹೋದಾಗ ಅಂಕಲ್ ಮಲಗಿದ್ದ ಮಂಚದ ಪಕ್ಕ ಅವರ ಹೆಂಡತಿ ಕೂತು ಜೋರಾಗಿ ಓದಿದರು. ರಾಜ ಅಡುಗೆಭಟ್ಟನನ್ನು "ಉಪ್ಪೆಲ್ಲಿ?" ಅಂತ ಕೇಳುವ ಕಡೆ ಅಂಕಲ್ ತುಟಿಯ ಒಂದು ಬದಿ ಅಲುಗಿ ಎದೆ ಕುಲುಕತೊಡಗಿತು. ಗಾಬರಿಯಾಗಿ ಎದ್ದೆ. ಅವರು ನಗುತ್ತಿದ್ದರು.

"ಅದರಲ್ಲಿ ನಗೋದೇನಿದೆ ಆಂಟಿ?"

"ನಂಗೂ ಗೊತ್ತಿಲ್ಲಮ್ಮ. ಭಟ್ಟನ ಪಾತ್ರ ನಿಮ್ಮ ಚಿಕ್ಕಪ್ಪಂದು. ಅಲ್ಲಿಗೆ ಬಂದ್ರೆ ಇಬ್ಬರೂ ನಗೋರು. ಯಾಕೆ ಅಂತ ಯಾರಿಗೂ ಹೇಳಲಿಲ್ಲ."

ಅಂಕಲ್ ಸರಿಯಿದ್ದ ಕೈಯಿಂದ ಪುಟ ಮುಟ್ಟಿ, ಇನ್ನೊಂದು ಸಲ ಅನ್ನುವಂತೆ ನನ್ನ ಕಡೆ ನೋಡಿದರು. ಪುಸ್ತಕ ತೆಗೆದುಕೊಂಡು ಓದಿದೆ. ತಲೆ ಎತ್ತಿ ಅವರ ಮುಖ ನೋಡುವುದು ಮಾತ್ರ ನನ್ನ ಕೈಲಾಗಲಿಲ್ಲ.