ಮೂಳೆ ಡಾಕ್ಟರು ಕೊಟ್ಟ ಕೊಲೆಸ್ಟರಾಲ್ ಮಾತ್ರೆ

ಅದು 1974ರ ವಸಂತಕಾಲ. ನಾನು ನ್ಯೂಜೆರ್ಸಿಯಲ್ಲಿದ್ದೆ, ಅಕ್ಕ ಸುಮಿತ್ರಾ ಮತ್ತು ಭಾವ ಕ್ವೀನ್ಸ್‌ನ ಜ್ಯಾಕ್ಸನ್ ಹೈಟ್ಸ್‌ನಲ್ಲಿದ್ದರು. ಹಿಂದಿನ ವರ್ಷ ಭಾವನ ಹೃದಯಕ್ಕೆ ಕೃತಕ ಕವಾಟ ಹಾಕಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ, ರಕ್ತ ತೆಳುವಾಗಿಸುವ ಮಾತ್ರೆಯನ್ನು ಅವರು ಜೀವನವಿಡೀ ನುಂಗಬೇಕಿತ್ತು.

ಭಾನುವಾರ ಯಾರದಾದರೂ ಮನೆಯಲ್ಲಿ ಕನ್ನಡದವರು ಊಟಕ್ಕೆ ಸೇರಿದರೆ ಧಾರವಾಡದ ಡಾಕ್ಟರ್ ಪಾಟೀಲರ ಸುತ್ತ ಜನ. ಅವರು ಮೂಳೆ ಡಾಕ್ಟರು. ಆದರೂ ಮಕ್ಕಳ ಕೆಮ್ಮಿನಿಂದ ಹಿಡಿದು ದೊಡ್ಡವರ ಸಕ್ಕರೆ ಕಾಯಿಲೆಯವರೆಗೆ ಎಲ್ಲರೂ ಅವರನ್ನೇ ಕೇಳುತ್ತಿದ್ದರು. ಇಲ್ಲ ಎನ್ನುವ ಸ್ವಭಾವ ಅವರದಲ್ಲ.

ಭಾವನ ಕೊಲೆಸ್ಟರಾಲ್ ಹೆಚ್ಚಿತ್ತು. ತುಪ್ಪ ಬಿಡಿ ಎಂದಿದ್ದರು ಹೃದಯದ ಡಾಕ್ಟರು. ಬಿಡಲಾರದೆ ಭಾವ ಪಾಟೀಲರ ಬಳಿ ಮಾತ್ರೆ ಕೇಳಿದರು. ಬೇರೆ ಏನಾದರೂ ಔಷಧಿ ತೊಗೋತಿದ್ದೀರಾ ಎಂದು ಪಾಟೀಲರು ವಿಚಾರಿಸಿದಾಗ, ಕೈಯಲ್ಲಿ ತಟ್ಟೆ, ಸುತ್ತ ಜನ, ಭಾವ “ಹಾರ್ಟಿಗೆ ಒಂದಿದೆ” ಎಂದಷ್ಟೇ ಹೇಳಿ ಮಾತು ತೇಲಿಸಿದರು. ಪಾಟೀಲರೂ ಕೆದಕಲಿಲ್ಲ. ಮುಂದಿನ ಭಾನುವಾರ ಔಷಧಿ ಕಂಪನಿಯವರು ಕೊಟ್ಟ ಮಾತ್ರೆಯ ಸ್ಯಾಂಪಲ್ ಬಾಟಲಿ ತಂದುಕೊಟ್ಟರು.

ಕೆಲವು ವಾರಗಳಲ್ಲಿ ಭಾವನ ತೋಳಿನ ಮೇಲೆ ನೀಲಿ ಕಲೆಗಳು ಕಾಣಿಸಿದವು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಒಂದು ಶನಿವಾರ ಬೆಳಿಗ್ಗೆ, ನಾನು ಅವರ ಮನೆಯಲ್ಲಿದ್ದಾಗಲೇ, ಮೂಗಿನಿಂದ ರಕ್ತ ಶುರುವಾಗಿ ನಿಲ್ಲಲೇ ಇಲ್ಲ. ಕಾರಿನಲ್ಲಿ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಭಾವ ಟವೆಲಿನ ಹಿಂದಿನಿಂದ ಹೇಳಿದರು:

“ಪಾಟೀಲರ ವಿಷಯ ಎತ್ತಬೇಡಿ. ಪಾಪ, ಅವರ ಲೈಸೆನ್ಸಿಗೇ ತೊಂದ್ರೆ ಆಗತ್ತೆ.”

ಅಕ್ಕ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಹೊಸದಾಗಿ ಏನಾದರೂ ಮಾತ್ರೆ ಶುರು ಮಾಡಿದ್ದೀರಾ ಎಂದು ಡ್ಯೂಟಿ ಡಾಕ್ಟರು ಕೇಳಿದರು. ಭಾವ ಇಲ್ಲವೆಂದು ತಲೆಯಾಡಿಸಿದರು. ಟವೆಲು ಅಷ್ಟರಲ್ಲಿ ಪೂರ್ತಿ ಕೆಂಪಾಗಿತ್ತು. ಅಕ್ಕ ಕೈಚೀಲದಿಂದ ಬಾಟಲಿ ತೆಗೆದು ಡಾಕ್ಟರ ಮುಂದಿಟ್ಟಳು.

“ಲೈಸೆನ್ಸ್ ಹೋದ್ರೆ ಮತ್ತೆ ತೊಗೋಬಹುದು, ಜೀವ ಹೋದ್ರೆ?” ಎಂದಳು ಭಾವನಿಗೆ, ಕನ್ನಡದಲ್ಲಿ.

ಆ ಮಾತ್ರೆ ರಕ್ತ ತೆಳುವಾಗಿಸುವ ಔಷಧಿಯ ಬಲವನ್ನು ಹೆಚ್ಚಿಸುತ್ತದಂತೆ. ಕಾರಣ ತಿಳಿದ ಮೇಲೆ ಚಿಕಿತ್ಸೆ ಸುಲಭವಾಯಿತು. ಸಂಜೆಯ ಹೊತ್ತಿಗೆ ರಕ್ತ ನಿಂತಿತು. ಆಮೇಲೆ ಹೃದಯದ ಡಾಕ್ಟರು ಮೂರು ದಾರಿ ಹೇಳಿದರು. ಒಂದು, ರಕ್ತ ತೆಳುವಾಗಿಸುವ ಔಷಧಿ ತಗ್ಗಿಸಿ, ಪದೇ ಪದೇ ಪರೀಕ್ಷೆ ಮಾಡಿಸುತ್ತಾ ಇದೇ ಕೊಲೆಸ್ಟರಾಲ್ ಮಾತ್ರೆ ಮುಂದುವರಿಸುವುದು. ಎರಡು, ಕೊಲೆಸ್ಟರಾಲಿಗೆ ಹೊಸದಾಗಿ ಬಂದ ಒಂದು ಪುಡಿ, ಆದರೆ ಅದು ರಕ್ತದ ಔಷಧಿಯನ್ನೇ ಹೀರಿಕೊಳ್ಳುವುದರಿಂದ ಎರಡರ ನಡುವೆ ಗಂಟೆಗಟ್ಟಲೆ ಅಂತರ ಬೇಕು. ಮೂರು, ಸದ್ಯಕ್ಕೆ ಬರೀ ಪಥ್ಯ. ಭಾವ ಪಥ್ಯ ಆರಿಸಿಕೊಂಡರು.

“ಮೊದ್ಲೇ ತುಪ್ಪ ಬಿಟ್ಟಿದ್ರೆ ಟವೆಲಾದ್ರೂ ಉಳೀತಿತ್ತು,” ಎಂದಳು ಅಕ್ಕ.

ಅಕ್ಕನಿಂದ ವಿಷಯ ತಿಳಿದು ಪಾಟೀಲರು ಮರುದಿನವೇ ಆಸ್ಪತ್ರೆಗೆ ಬಂದರು. ಅವರ ಲೈಸೆನ್ಸಿಗೆ ಏನೂ ಆಗಲಿಲ್ಲ. ಹಾಸಿಗೆಯ ಪಕ್ಕ ಕೂತು, “ನನ್ನ ಹೆಸರು ಉಳಸಾಕ ಜೀವಾ ಕೊಡಾವ್ರ ಇದ್ರೇನ್ರಿ?” ಎಂದು ಕೇಳಿದರು.

ಇಂದಿಗೂ ಯಾವುದೇ ಡಾಕ್ಟರು ಬೇರೆ ಮಾತ್ರೆಗಳ ಬಗ್ಗೆ ಕೇಳಿದರೆ, ಕೆಂಪು ಟವೆಲಿನ ಹಿಂದೆ ಇಲ್ಲವೆಂದು ಆಡಿದ ಆ ತಲೆ ನನಗೆ ಕಾಣುತ್ತದೆ. ಎಲ್ಲವನ್ನೂ ಹೇಳಿಬಿಡುತ್ತೇನೆ, ಯಾರು ಕೊಟ್ಟರು ಎಂಬುದನ್ನೂ ಸೇರಿಸಿ.