ಅಪ್ಪ ಹಿಸುಕಿದ ಅಗುಳು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಅಪ್ಪ ಮನುಷ್ಯರನ್ನೂ ಹೀಗೆಯೇ ನೋಡುತ್ತಿದ್ದ. ಒಂದು ಗುಣ ನೆಟ್ಟಗಿದ್ದರೆ ಉಳಿದವೂ ನೆಟ್ಟಗೆ. ಒಂದು ಕೆಟ್ಟಿದ್ದರೆ ಇಡೀ ಪಾತ್ರೆ ಕೆಟ್ಟಂತೆ.

ನನ್ನ ಮದುವೆ ಗೊತ್ತಾದದ್ದೂ ಹಾಗೆಯೇ. ಸಿದ್ದಾಪುರದ ಕಡೆಯ ಒಂದು ಉಪನಯನದಲ್ಲಿ ಹುಡುಗನೊಬ್ಬ ಹೋಳಿಗೆ ಬಡಿಸುತ್ತಿದ್ದ. ತನ್ನ ಸೋದರಮಾವನ ಎಲೆಗೆ ಎಷ್ಟೋ, ಕೊನೆಯಲ್ಲಿ ಕೂತ ನಮ್ಮ ಟೆಂಪೋ ಡ್ರೈವರನ ಎಲೆಗೂ ಅಷ್ಟೇ. "ಪಂಕ್ತಿಭೇದ ಮಾಡದವ ಎಂತದ್ರಲ್ಲೂ ತಪ್ತ್ನಿಲ್ಲೆ" ಎಂದ ಅಪ್ಪ, ಮಜ್ಜಿಗೆ ಬರುವ ಮೊದಲೇ ಜಾತಕ ಕೇಳಿದ.

ಅಣ್ಣನ ಅಗುಳು ಮಾತ್ರ ಬೇಯಲೇ ಇಲ್ಲ. ಅವನು ಹುಟ್ಟು ಸುಳ್ಳ. ನೈವೇದ್ಯದ ಬೆಲ್ಲ ಬೆಕ್ಕು ತಿಂದಿತು ಎನ್ನುವನು. "ಇನ್ನೊಂದ್ಸಲ ಹೇಳು" ಎನ್ನುವನು ಅಪ್ಪ. ಎರಡನೇ ಸಲಕ್ಕೆ ಬೆಕ್ಕು ನಾಯಿಯಾಗಿರುತ್ತಿತ್ತು. ಮುಂದೆ ಅಣ್ಣ ಕಿರವತ್ತಿಯಲ್ಲಿ ಹೋಟೆಲ್ ಇಟ್ಟ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಅಲ್ಲಿಗೆ ಹೋಗಲಿಲ್ಲ, ನಮ್ಮ ಮನೆಗೆ ಬಂದ.

ಕಳೆದ ವರ್ಷ ನಮ್ಮ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ. ಶಿರಸಿಯ ಆಸ್ಪತ್ರೆಯಿಂದ ಬಿಡುವ ದಿನ, ಇನ್ನು ನಡೆಯುವುದು ಕಷ್ಟ ಎಂದು ಡಾಕ್ಟರು ಅಪ್ಪನ ಎದುರೇ ಹೇಳಿದರು. ಆಮೇಲೆ ನನ್ನ ಗಂಡ ಹೇಳಿದರು, "ಇಷ್ಟು ದಿನ ಎಂಗಳ ಮನೇಲಿ ನೋಡ್ಕಂಡ್ಯ. ಇನ್ನು ಮಗನ ಸರದಿ. ಅದೇ ನ್ಯಾಯ." ಹೋಳಿಗೆ ಬಡಿಸುವಾಗಿನ ಅದೇ ಶಾಂತ ದನಿ. ನ್ಯಾಯವೇನೋ ಹೌದು. ನನಗೆ ಮೈಯೆಲ್ಲ ಉರಿಯಿತು. ಅಪ್ಪ ಫ್ಯಾನು ನೋಡುತ್ತ ಮಲಗಿದ್ದ.

ಅಣ್ಣನಿಗೆ ಫೋನ್ ಮಾಡಿದೆ. "ಯಲ್ಲಾಪುರ ದಾಟಿ ಆತು" ಎಂದ. ಹಿಂದೆ ಕಾವಲಿಯ ಮೇಲೆ ದೋಸೆ ಚುಂಯ್ ಎನ್ನುತ್ತಿತ್ತು.

ಆದರೂ ಬಂದ, ಯಾರದೋ ಕಾರು ತಂದ. ಅಪ್ಪನನ್ನು ಎತ್ತಿ ಸೀಟಿನಲ್ಲಿ ಕೂರಿಸುತ್ತ, "ನಿನ್ನ ಸೊಸೇನೇ ಹಟ ಹಿಡದ್ದು, ಅಪ್ಪಯ್ಯನ್ನ ಇವತ್ತೇ ಕರ್ಕಂಡು ಬಾ ಹೇಳಿ" ಎಂದ. ಅತ್ತಿಗೆ ತವರಿಗೆ ಹೋಗಿ ವಾರವಾಗಿತ್ತು. ಅದು ಅಪ್ಪನಿಗೂ ಗೊತ್ತಿತ್ತು.

ನಾನು ಹಿಂದೆ ಹತ್ತಿ ಕೂತೆ. ಕಾರು ಊರು ದಾಟಿತು. ಆಮೇಲೆ ಅಣ್ಣ ರಸ್ತೆ ನೋಡುತ್ತಲೇ ಶುರುಮಾಡಿದ.

"ಡಾಕ್ಟ್ರು ಎನ್ನ ಹತ್ರ ಬೇರೆ ಹೇಳಿದ್ದ, ಅಪ್ಪಯ್ಯ. ದೀಪಾವಳಿಗೆ ನೀ ಓಡಾಡ್ತೆ ಹೇಳಿ."

ಅಪ್ಪ ಅಣ್ಣನ ಕಡೆ ತಿರುಗಿದ.

"ಇನ್ನೊಂದ್ಸಲ ಹೇಳು" ಎಂದ.

ಅಣ್ಣ ಹೇಳಿದ. ಒಂದಕ್ಷರವೂ ಬದಲಾಗಲಿಲ್ಲ.