ಗೆಟ್ ವೆಲ್ ಸೂನ್, ಗೇರ್‌ಬಾಕ್ಸ್ ಹೇಗಿದೆ?

ಹೋದ ವಾರ ಅತ್ತಿಬೆಲೆ ಹತ್ತಿರ ಒಬ್ಬರ ಕಾರು ಲಾರಿಯ ಹಿಂಬದಿಗೆ ಗುದ್ದಿತು. ಗುದ್ದಿದ ಕಾರಿನ ಫೋಟೋ ನಮ್ಮ ವಾಟ್ಸಾಪ್ ಗ್ರೂಪಿಗೆ ಬಂತು. ‘ಗೆಟ್ ವೆಲ್ ಸೂನ್’ ಎಂದು ಎಲ್ಲರಿಗಿಂತ ಮೊದಲು ಹಾಕಿದವಳು ನಾನು.

ಎಂಥ ಕರುಳು ಈ ಹೆಂಗಸಿನದು ಅಂದುಕೊಂಡಿರಾ? ಸ್ವಲ್ಪ ತಾಳಿ. ನನ್ನ ಬೆನ್ನಿಗೇ ಅರ್ಧ ಗ್ರೂಪು ‘ಗೆಟ್ ವೆಲ್ ಸೂನ್’ ಹಾಕಿತು. ಆಮೇಲೆ ಶುರುವಾಯಿತು ನೋಡಿ. ‘ಬ್ರೋ, ಬ್ಯಾಕ್ ಗ್ಲಾಸ್ ಉಳಿದಿದ್ಯಾ?’ ‘ಡಿಕ್ಕಿ ಲಾಕ್ ನಂಗಿರ್ಲಿ ಗುರು.’ ‘ರೈಟ್ ಸೈಡ್ ಮಿರರ್ ಯಾರಾದ್ರೂ ಕೇಳಿದ್ರಾ?’ ಗಾಯಾಳು ಆಗಿನ್ನೂ ಆಂಬುಲೆನ್ಸ್‌ನಲ್ಲಿದ್ದರು.

ಇದು ನಮ್ಮ ಗ್ರೂಪಿನ ಪದ್ಧತಿ. ನಾವೆಲ್ಲ ಒಂದೇ ಅಮೆರಿಕನ್ ಕಂಪನಿಯ ಕಾರು ಕೊಂಡವರು. ಆ ಕಂಪನಿ ಇಲ್ಲಿ ಅಂಗಡಿ ಮುಚ್ಚಿಕೊಂಡು ಹೋಗಿದೆ. ಮುಖ್ಯವಾದ ಬಿಡಿಭಾಗಗಳು ಎಲ್ಲೂ ಸಿಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಒಬ್ಬರ ಕಾರು ಸತ್ತರಷ್ಟೇ ಇನ್ನೊಬ್ಬರ ಕಾರು ಬದುಕುತ್ತದೆ. ಮೊದಮೊದಲು ಅಪಘಾತದ ಫೋಟೋ ಕಂಡ ಕೂಡಲೇ ಜನ ನೇರವಾಗಿ ಬಂಪರ್ ಕೇಳುತ್ತಿದ್ದರು. ಇದು ಮನುಷ್ಯತ್ವವಲ್ಲ ಎಂದು ನಮ್ಮ ಅಡ್ಮಿನ್ ವಿವೇಕ್‌ಗೆ ಅನ್ನಿಸಿತು. (ವೈಟ್‌ಫೀಲ್ಡ್‌ನ ಐಟಿ ಕಂಪನಿಯೊಂದರಲ್ಲಿ ಮ್ಯಾನೇಜರ್. ರೂಲ್ಸ್ ಮಾಡದಿದ್ದರೆ ತಿಂದದ್ದು ಅರಗುವುದಿಲ್ಲ.) ‘ಹ್ಯುಮಾನಿಟಿ ಫಸ್ಟ್, ಪಾರ್ಟ್ಸ್ ನೆಕ್ಸ್ಟ್’ ಎಂದು ಆತ ಅಪ್ಪಣೆ ಹೊರಡಿಸಿದ. ಹಾರೈಸದವರು ಪಾರ್ಟ್ ಕೇಳುವಂತಿಲ್ಲ. ಮೊದಲು ಹಾರೈಸಿದವರಿಗೆ ಮೊದಲ ಹಕ್ಕು.

ಅಲ್ಲಿಗೆ ಹಾರೈಕೆಗೂ ರೇಷನ್ ಅಂಗಡಿಯ ಕ್ಯೂ ಬಂತು.

ಕಂಪನಿಯ ಹೆಸರು ಕೇಳಬೇಡಿ. ನಮ್ಮ ಸಂಪಾದಕರು ನೆಮ್ಮದಿಯಾಗಿ ಊಟ ಮಾಡಲಿ. ಚರಿತ್ರೆ ಮಾತ್ರ ಹೇಳುತ್ತೇನೆ, ಏಕೆಂದರೆ ಚರಿತ್ರೆಯ ಬಗ್ಗೆ ಅವರಿಗೇ ಬಲು ಹೆಮ್ಮೆ. ಶೋರೂಮಿನ ಗೋಡೆ ತುಂಬ ಕಪ್ಪು-ಬಿಳುಪು ಫೋಟೋಗಳಿದ್ದವು. ಹ್ಯಾಟ್ ಹಾಕಿಕೊಂಡ ಸಂಸ್ಥಾಪಕ, ಹೊಗೆ ಉಗುಳುವ ಕಾರ್ಖಾನೆ, ಕಾರಿನ ಮುಂದೆ ಹಲ್ಲು ಕಿರಿದು ನಿಂತ ಅಮೆರಿಕದ ರೈತ ಕುಟುಂಬ. ನೂರು ವರ್ಷಕ್ಕೂ ಮೀರಿದ ಪರಂಪರೆಯಂತೆ. ಬ್ರಿಟಿಷರಿದ್ದಾಗಲೇ ಈ ದೇಶಕ್ಕೆ ಬಂದಿದ್ದರಂತೆ. ಸ್ವಾತಂತ್ರ್ಯ ಬಂದ ಸ್ವಲ್ಪ ಕಾಲಕ್ಕೆ ಹೊರಟುಹೋದರು ಎಂಬ ಫೋಟೋ ಮಾತ್ರ ಗೋಡೆಯ ಮೇಲೆ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಬಾಗಿಲು ತೆರೆದ ಕೂಡಲೇ ಮತ್ತೆ ಬಂದರು. ಜಾಗ ಕೊಟ್ಟೆವು, ನೀರು ಕೊಟ್ಟೆವು, ಕರೆಂಟು ಕೊಟ್ಟೆವು. ಮತ್ತೆ ಹೋದರು. ಕೊಟ್ಟವನು ಕೋಡಂಗಿ, ಈಸ್ಕೊಂಡವನು ಈರಭದ್ರ ಅಂತ ನಮ್ಮವರು ಸುಮ್ಮನೆ ಹೇಳಿದ್ದಲ್ಲ.

ಹೋಗುವಾಗ ಒಂದು ಇಮೇಲ್ ಹಾಕಿದರು. ನಿಮ್ಮ ಬಗೆಗಿನ ನಮ್ಮ ಬದ್ಧತೆ ಎಂದೆಂದಿಗೂ ಹೀಗೇ ಇರುತ್ತದೆ ಎಂಬ ಅರ್ಥದ ಇಮೇಲ್. ಮುಂದಿನ ಸಲ ನಾನು ಬೊಮ್ಮನಹಳ್ಳಿಯ ಸರ್ವಿಸ್ ಸೆಂಟರಿಗೆ ಹೋದಾಗ ಅಲ್ಲಿ ಫರ್ನಿಚರ್ ಅಂಗಡಿ ಇತ್ತು. ಕಾರು ಹತ್ತಿಸುತ್ತಿದ್ದ ಇಳಿಜಾರಿನ ಮೇಲೆ ಸೋಫಾಗಳನ್ನು ಸಾಲಾಗಿ ಇಟ್ಟಿದ್ದರು. ‘ಆಯಿಲ್ ಚೇಂಜ್ ಮಾಡಿಸ್ಬೇಕಿತ್ತು’ ಎಂದೆ. ‘ಕೂತು ನೋಡಿ ಮೇಡಂ, ಒಳ್ಳೇ ಫೋಮ್’ ಎಂದ ಸೇಲ್ಸ್‌ಮನ್. ಆ ಬದ್ಧತೆಯ ಮೇಲೆ ಕೂತೇ ನೋಡಿದೆ. ಮೆತ್ತಗಿತ್ತು.

ನಾವೇನು ಕಡಿಮೆಯೇ? ನಮ್ಮ ಗ್ರೂಪಿನವರದು ಒಂದು ಕಾಯಿಲೆ ಇದೆ. ಯಾರಾದರೂ ಸಿಕ್ಕಿದರೆ ಕಾರಿನ ಬಾಗಿಲನ್ನು ಧಪ್ ಎಂದು ಹಾಕಿ ತೋರಿಸುತ್ತಾರೆ. ‘ಸೌಂಡ್ ಕೇಳಿದ್ಯಾ ಮಗಾ? ಅಮೆರಿಕನ್ ಬಿಲ್ಡ್!’ ಬಾಗಿಲು ಹಾಕಿದ ಸದ್ದಿಗೆ ಮರುಳಾಗಿ ಕಾರು ಕೊಂಡ ಜನ ಭೂಮಿಯ ಮೇಲೆ ಬೇರೆ ಎಲ್ಲಾದರೂ ಇದ್ದಾರಾ? ಕಂಪನಿ ತನ್ನ ಬಾಗಿಲು ಹಾಕಿಕೊಂಡಾಗ ಆ ಸದ್ದು ಮಾತ್ರ ಇವರಿಗೆ ಕೇಳಿಸಲಿಲ್ಲ. ಈಗಲೂ ಭಾನುವಾರ ಹೊಸೂರು ರಸ್ತೆಯ ದರ್ಶಿನಿ ಮುಂದೆ ಸಾಲಾಗಿ ಪಾರ್ಕ್ ಮಾಡಿ, ಕಾಫಿ ಕುಡಿದು, ಧಪ್ ಧಪ್ ಅನ್ನಿಸಿ ಮನೆಗೆ ಹೋಗುತ್ತಾರೆ.

ನಾನು ಸದ್ದಿಗೆ ಮರುಳಾದವಳಲ್ಲ. ಸಣ್ಣವಳಿದ್ದಾಗ ಪೋಲಿಯೋ ಬಂದು ನನ್ನ ಎಡಗಾಲು ಹೋಯಿತು. ಕಾರಿನಲ್ಲಿ ಕ್ಲಚ್ ಒತ್ತುವ ಕಾಲು ಅದೇ. ಮದುವೆಗೆ ಮುಂಚೆ ಅಣ್ಣನ ಸ್ಕೂಟರ್, ಆಮೇಲೆ ಗಂಡನ ಬೈಕು. ನಾನು ಎಲ್ಲಿಗೆ ಹೊರಡಬೇಕಾದರೂ ಇನ್ಯಾರೋ ಬಿಡುವಾಗಿರಬೇಕಿತ್ತು. ಹಾಗಿದ್ದಾಗ ಈ ಕಂಪನಿಯ ಶೋರೂಮಿನಲ್ಲಿ ಕ್ಲಚ್ ಇಲ್ಲದ ಆಟೊಮ್ಯಾಟಿಕ್ ಕಾರು ಕಂಡೆ. ನಮ್ಮಂಥವರ ಕೈಗೆ ಎಟುಕುವಂಥದ್ದು ಆಗ ಅದೊಂದೇ. ಅದರಲ್ಲಿ ಕೂತು ವರ್ತೂರಿನಿಂದ ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ ಮೊದಲ ದಿನ ಒಬ್ಬಳೇ ಹೋದಾಗ ಟ್ರಾಫಿಕ್ಕಿನಲ್ಲಿ ನಿಂತಲ್ಲೇ ನಕ್ಕಿದ್ದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಂತೋಷಪಟ್ಟ ಏಕೈಕ ವ್ಯಕ್ತಿ ಬಹುಶಃ ನಾನೇ.

ಅಂಥ ಕಾರು ಈಚೆಗೆ ದೊಮ್ಮಸಂದ್ರದ ಸರ್ಕಲ್ಲಿನಲ್ಲಿ ನಿಂತುಹೋಯಿತು. ಎಂಜಿನ್ ಓಡುತ್ತಿದೆ, ಗೇರ್ ಬೀಳುತ್ತಿಲ್ಲ. ಹಿಂದಿನಿಂದ ಇಡೀ ಸರ್ಜಾಪುರ ರಸ್ತೆ ಹಾರ್ನ್ ಹೊಡೆಯಿತು. ಗೇರ್‌ಬಾಕ್ಸಿಗೆ ಬುದ್ಧಿ ಹೇಳುವ ಪುಟ್ಟ ಕಂಪ್ಯೂಟರ್ ಡಬ್ಬಿ ಇರುತ್ತದಂತೆ, ಅದು ಸುಟ್ಟುಹೋಗಿತ್ತು. ‘ಈ ಡಬ್ಬಿ ಸಿಕ್ರೆ ಅರ್ಧ ದಿನದ ಕೆಲ್ಸ ಮೇಡಂ. ಸಿಗ್ದಿದ್ರೆ ಗಾಡೀಲಿ ತುಳಸಿ ಗಿಡ ನೆಡಿ’ ಎಂದ ಮೆಕ್ಯಾನಿಕ್. ಬುಷ್ಷೋ ಬ್ರಾಕೆಟ್ಟೋ ಆಗಿದ್ದರೆ ಪೀಣ್ಯದಲ್ಲಿ ಯಾರಾದರೂ ಕಡೆದು ಕೊಡುತ್ತಿದ್ದರು. ಕಂಪ್ಯೂಟರನ್ನು ಲೇತ್ ಮೆಷಿನ್ನಿನಲ್ಲಿ ಕಡೆಯುವುದಕ್ಕೆ ಆಗುತ್ತದಾ?

(ಹೊಸ ಕಾರು ತಗೊಳ್ಳಮ್ಮಾ ಅಂತೀರಿ. ಮನೆಯ ಸಾಲದ ಜೊತೆ ಅದರ ಕಂತನ್ನೂ ನೀವು ಕಟ್ಟುತ್ತೀರಾ?)

ಮತ್ತೆ ಕ್ಯಾಬ್ ಶುರುವಾಯಿತು. ‘ಮೇಡಂ, ಗೇಟ್ ಹತ್ರ ನಡ್ಕೊಂಡ್ ಬನ್ನಿ, ಒಳಗ್ ಬರಲ್ಲ.’ ಮತ್ತೆ ಗಂಡನ ಬಿಡುವು ನೋಡಿಕೊಂಡು ತರಕಾರಿ. ಒಂದು ಸಂಜೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಕಾರಿಗಾಗಿ ಅಳುವುದಾ ಎಂದು ನಗಬೇಡಿ. ಅಳು ಬಂದದ್ದು ಕಾರಿಗಾಗಿ ಅಲ್ಲ.

ಇಷ್ಟರಲ್ಲಿ ಅತ್ತಿಬೆಲೆಯ ಫೋಟೋ ಬಂತು. ನನ್ನದೇ ಮಾಡೆಲ್, ನನ್ನದೇ ಆಟೊಮ್ಯಾಟಿಕ್. ಮುಂಭಾಗ ಅಪ್ಪಚ್ಚಿ, ಒಳಗೆಲ್ಲ ಗಟ್ಟಿ. ನನ್ನ ಹೆಬ್ಬೆರಳು ನನ್ನನ್ನು ಕೇಳಲೇ ಇಲ್ಲ.

ಮರುದಿನ ಒಂದು ಚೀಲ ಕಿತ್ತಳೆ ಹಿಡಿದು ಚಂದಾಪುರದ ಆಸ್ಪತ್ರೆಗೆ ಹೋದೆ. ನನಗಿಂತ ಮುಂಚೆಯೇ ಗ್ರೂಪಿನ ನಾಲ್ಕಾರು ಜನ ಮಂಚ ಸುತ್ತುವರಿದಿದ್ದರು. ಮಂಚದ ಮೇಲೆ ಶಿವಾನಂದ. ಬಾಗಲಕೋಟೆ ಕಡೆಯವರು, ಅತ್ತಿಬೆಲೆಯ ಫ್ಯಾಕ್ಟರಿಯೊಂದರಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಕಂಪನಿ ಓಡಿಹೋಗಿ ಗಾಡಿಗಳು ಅಗ್ಗವಾದಾಗ ಸೆಕೆಂಡ್ ಹ್ಯಾಂಡ್ ಕೊಂಡವರು. ಪಕ್ಕದಲ್ಲಿ ಅವರ ಹೆಂಡತಿ ಮಹಾದೇವಿ, ಬಂದವರನ್ನೆಲ್ಲ ಕೆಂಗಣ್ಣಿನಿಂದ ನೋಡುತ್ತಾ ಕೂತಿದ್ದರು.

‘ಶಿವಾನಂದ್, ಫಸ್ಟ್ ವಿಶ್ ಮಾಡಿದ್ದು ಇವ್ರೇ. ಗೇರ್‌ಬಾಕ್ಸ್ ಕಂಪ್ಯೂಟರ್ ಇವ್ರಿಗೆ’ ಎಂದು ವಿವೇಕ್ ನನ್ನ ಪರಿಚಯ ಮಾಡಿಸಿದ. ನೆಲ ಬಾಯಿಬಿಡಬಾರದೇ ಅನ್ನಿಸಿತು.

‘ನಮಸ್ಕಾರ್ರಿ ಮೇಡಂ, ಕುಂದರ್ರಿ’ ಎಂದರು ಶಿವಾನಂದ. ‘ಮುಂಜಾನಿಂದ ಎಲ್ಲಾರೂ ಬಂದಾರ. ಹೆಡ್‌ಲೈಟ್ ಹೆಂಗೈತಿ ಅಂತ ಕೇಳ್ಯಾರ, ಕಾಲ ಹೆಂಗೈತಿ ಅಂತ ಯಾರೂ ಕೇಳಿಲ್ಲ. ಇರ್ಲಿ ಬಿಡ್ರಿ. ನಾನೂ ಹಿಂದಕ ಒಬ್ರಿಗೆ ಗೆಟ್ ವೆಲ್ ಸೂನ್ ಹಾಕಿದ್ದೆ, ಎಸಿ ಸ್ವಿಚ್ಚಿನ ಸಲುವಾಗಿ.’

‘ಕಾಲು ಹೇಗಿದೆ?’ ಎಂದೆ. ತಡವಾಗಿ ಕೇಳಿದ ಪ್ರಶ್ನೆಗೆ ಇರುವಷ್ಟೇ ಬೆಲೆ ಅದಕ್ಕಿತ್ತು.

ಅವರೋ, ನಾನು ಕುರ್ಚಿಗೆ ಕೂರುವಾಗ ಸೀರೆಯ ಅಂಚಿನಲ್ಲಿ ಕಂಡ ನನ್ನ ಕಾಲಿನ ಕಬ್ಬಿಣದ ಪಟ್ಟಿಯನ್ನು ನೋಡುತ್ತಿದ್ದರು.

‘ಎಡಗಾಲೇನ್ರಿ?’

‘ಹೌದು. ಸಣ್ಣವಳಿದ್ದಾಗಿನಿಂದ.’

‘ಮತ್ತ ಗಾಡಿ ನೀವೇ ಓಡಿಸ್ತೀರಿ?’

‘ಆಟೊಮ್ಯಾಟಿಕ್‌ಗೆ ಎಡಗಾಲಿನ ಕೆಲ್ಸಾನೇ ಇಲ್ವಲ್ಲ. ಸುಮ್ನೆ ಪಕ್ಕಕ್ಕೆ ಇಟ್ಕೊಂಡ್ರಾಯ್ತು.’

ಶಿವಾನಂದ ಬ್ಯಾಂಡೇಜು ಸುತ್ತಿದ ತಮ್ಮ ಎಡಗಾಲನ್ನು ನೋಡಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: ‘ಹಂಗಾರ ಡಬ್ಬಿ ಕೊಡಂಗಿಲ್ರಿ ಮೇಡಂ. ತಪ್ಪು ತಿಳ್ಕೋಬ್ಯಾಡ್ರಿ.’

ಮೊಣಕಾಲಿನ ಕೆಳಗೆ ನರಕ್ಕೆ ಪೆಟ್ಟಾಗಿದೆಯಂತೆ. ಪಾದ ಮೇಲೆ ಏಳುತ್ತಿಲ್ಲ. ಏಳಬಹುದು, ಏಳದೆಯೂ ಇರಬಹುದು, ಸದ್ಯಕ್ಕೆ ಕ್ಲಚ್ ಮರೆತುಬಿಡಿ ಎಂದಿದ್ದಾರೆ ಡಾಕ್ಟರು. ಅವರ ಕೆಲಸವೋ, ಪೀಣ್ಯದ ಒಂದೊಂದು ವರ್ಕ್‌ಶಾಪಿಗೂ ಗಾಡಿಯಲ್ಲಿ ಹೋಗಿ ಮಾಲು ಪರೀಕ್ಷೆ ಮಾಡುವುದು. ಓಡಾಡಲು ಆಗದಿದ್ದರೆ ಆ ಕೆಲಸ ಬೇರೆಯವರಿಗೆ. ಗಾಡಿ ಆಟೊಮ್ಯಾಟಿಕ್ಕೇ ಆದರೂ ಕಾಲು ಹೋದ ಮೇಲೆ ತಮಗೆ ಇನ್ನು ಕಾರೇ ಇಲ್ಲ ಎಂದುಕೊಂಡು ಮಲಗಿದ್ದ ಮನುಷ್ಯನಿಗೆ ದಾರಿ ತೋರಿಸಿದವಳು ನಾನೇ.

‘ನನ್ನ ಗಾಡಿ ಮೂತಿ ಹೋಗೇತಿ, ಡಬ್ಬಿ ಐತಿ. ನಿಮ್ದು ಡಬ್ಬಿ ಹೋಗೇತಿ, ಮೂತಿ ಐತಿ. ಎರಡೂ ಕೂಡಿಸಿದ್ರ ಒಂದ್ ಗಾಡಿ ಆಕ್ಕೈತ್ರಿ’ ಎಂದರು. ‘ನೀವೇ ನಿಮ್ಮ ಗಾಡಿ ನನಗ ಕೊಡ್ರಿ.’

ನನಗೆ ಸಿಟ್ಟು ನೆತ್ತಿಗೇರಿತು. ‘ಅದು ನನ್ನ ಕಾಲು ಕಣ್ರೀ, ಹೇಗ್ ಕೊಡ್ಲಿ?’ ಎಂದುಬಿಟ್ಟೆ.

‘ನನಗೂ ಈಗ ಅದ ಬೇಕಾಗೇತ್ರಿ’ ಎಂದರು ಅವರು. ಸಿಟ್ಟು ಹಾಗೇ ಇಳಿಯಿತು. ಯಾರ ಮೇಲೆ ಸಿಟ್ಟಾಗಲಿ?

‘ರೂಲ್ ಪ್ರಕಾರ ಮೇಡಂದೇ ಫಸ್ಟ್ ಪ್ರಯಾರಿಟಿ’ ಎಂದು ವಿವೇಕ್ ಗಂಟಲು ಸರಿಮಾಡಿಕೊಂಡ. ‘ಇಲ್ಲಾಂದ್ರೆ ಲಕ್ಕಿ ಡ್ರಾ ಹಾಕೋಣ. ಟ್ರಾನ್ಸ್‌ಪರೆಂಟ್ ಆಗಿರತ್ತೆ.’

‘ಕಾಲ ನಮ್ದು, ರೂಲ್ ನಿಮ್ದೇನ್ರೀ?’ ಎಂದು ಮಹಾದೇವಿ ಎದ್ದು ನಿಂತರು. ‘ಏಳ್ರಿ, ಎಲ್ಲಾರೂ ಹೊರಗ ನಡೀರಿ.’ ಮಾನವೀಯತೆ ಮೊದಲು ಎಂದವರೆಲ್ಲ ಅಷ್ಟೇ ಮೊದಲು ಲಿಫ್ಟ್ ಹಿಡಿದರು. ಒಬ್ಬ ಹೊಸ್ತಿಲಲ್ಲಿ ತಿರುಗಿ, ‘ಹಾಗಾದ್ರೆ ಡಿಕ್ಕಿ ಲಾಕ್?’ ಎಂದ. ಅವನಿಗೆ ಒಂದು ಕಿತ್ತಳೆ ಬಿತ್ತು.

ಉಳಿದದ್ದು ನಾವು ಮೂವರು. ಶಿವಾನಂದರೇ ತೀರ್ಮಾನ ಹೇಳಿದರು. ಹೇಗೂ ಅವರು ಕೆಲವು ತಿಂಗಳು ಸ್ಟಿಯರಿಂಗ್ ಮುಟ್ಟುವಂತಿಲ್ಲ. ಅಲ್ಲಿಯವರೆಗೆ ಡಬ್ಬಿ ನನ್ನ ಕಾರಿನಲ್ಲಿ. ಪಾದ ಎದ್ದರೆ ಅದು ನನಗೇ. ಏಳದಿದ್ದರೆ ಕಾರು ಸಮೇತ ಅವರಿಗೆ. ಒಪ್ಪಿದೆ. ಒಪ್ಪದೆ ಏನು ಮಾಡಲಿ? ಆವತ್ತಿನಿಂದ ನಾನು ದೇವರ ಮುಂದೆ ದೀಪ ಹಚ್ಚಿದಾಗಲೆಲ್ಲ ಪರ ಊರಿನ ಪರ ಪುರುಷನ ಪಾದವೊಂದನ್ನೇ ನೆನೆಯುತ್ತಿದ್ದೇನೆ. ಗಂಡನಿಗೂ ಹೇಳಿದ್ದೇನೆ.

ನಿನ್ನೆ ಶಿವಾನಂದರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಕರೆದುಕೊಂಡು ಹೋದವಳು ನಾನೇ, ಅವರ ಡಬ್ಬಿ ಕೂರಿಸಿದ ನನ್ನ ಕಾರಿನಲ್ಲಿ. ಪಕ್ಕದ ಸೀಟಿನಲ್ಲಿ ಕೂತು ಅವರು ದಾರಿಯುದ್ದಕ್ಕೂ ನನ್ನ ಕಾಲುಗಳನ್ನೇ ಗಮನಿಸುತ್ತಿದ್ದರು, ಡ್ರೈವಿಂಗ್ ಸ್ಕೂಲಿಗೆ ಹೊಸದಾಗಿ ಸೇರಿದವರ ಹಾಗೆ. ನಾನು ಗಾಡಿಯನ್ನು ಜೋಪಾನವಾಗಿ ಓಡಿಸಿದೆ. ಯಾರ ಗಾಡಿ ಎಂದು ನನಗೂ ಗೊತ್ತಿರಲಿಲ್ಲ.

ಒಂದು ಮಾತು ಅವರೇ ಹೇಳಿದರು. ಅವರು ಪರೀಕ್ಷೆ ಮಾಡಿ ಪಾಸು ಮಾಡುವ ಪಾರ್ಟುಗಳು ಹೋಗುವುದು ಇದೇ ಕಂಪನಿಗಂತೆ! ಕಾರು ಮಾರುವುದನ್ನು ಬಿಟ್ಟರೇ ಹೊರತು ಇಲ್ಲಿ ಅಗ್ಗಕ್ಕೆ ಮಾಡಿಸುವುದನ್ನು ಬಿಟ್ಟಿಲ್ಲ. ‘ಪೆಟ್ಟಿಗಿ ತುಂಬಿ ಹಡಗ ಹತ್ತಿಸಿ ಕಳಿಸ್ತೀವ್ರಿ. ನನ್ನ ಗಾಡಿಗೆ ಹಚ್ಚಾಕ ಒಂದ್ ಬೋಲ್ಟ್ ಕೇಳಿದ್ರ ಎಕ್ಸ್‌ಪೋರ್ಟ್ ಓನ್ಲಿ ಅಂತಾರ.’ ಇದನ್ನು ಹೇಳುವಾಗ ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಇಲ್ಲಿನವರ ಕೈ ಬೇಕು, ಕಣ್ಣು ಬೇಕು, ಇಲ್ಲಿನವರು ಹತ್ತುವ ಕಾರಿನ ಗೊಡವೆ ಮಾತ್ರ ಬೇಡ. ಇದಕ್ಕೆ ಬೋರ್ಡ್‌ರೂಮಿನಲ್ಲಿ ಸ್ಟ್ರ್ಯಾಟೆಜಿ ಅಂತಾರೆ. ನಮ್ಮ ಕಡೆ ಬೇರೆ ಪದವಿದೆ, ಪತ್ರಿಕೆಯಲ್ಲಿ ಬರೆಯುವಂತಿಲ್ಲ.

ಚಂದಾಪುರ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಶಿವಾನಂದ ಫೋನು ನೋಡುತ್ತಾ ಹೇಳಿದರು: ‘ಮೇಡಂ, ಗ್ರೂಪಿನ್ಯಾಗ ವಿವೇಕ್ ಸಾರ್ ಹಾಕ್ಯಾರ ನೋಡ್ರಿ. ಕಂಪನಿ ಮತ್ತ ನಮ್ಮ ದೇಶಕ್ಕ ಬರೂ ವಿಚಾರದಾಗ ಐತಂತ. ಎಲ್ಲಾರೂ ವೆಲ್‌ಕಮ್ ಬ್ಯಾಕ್ ಅಂತ ಹಾಕಾಕತ್ತಾರ.’

ಹಿಂದಿನ ಸೀಟಿನಲ್ಲಿ ಔಷಧಿ ಚೀಲ ಹಿಡಿದು ಕೂತಿದ್ದ ಮಹಾದೇವಿ ಮುಂದಕ್ಕೆ ಬಾಗಿದರು.

‘ಬರ್ಲಿ ಬಿಡ್ರಿ’ ಎಂದರು. ‘ಈ ಸಲ ಓಡಿಹೋಗೂ ಮುಂದ ಎರಡು ಎಡಗಾಲು ಇಲ್ಲೇ ಇಟ್ಟು ಹೋಗ್ರಿ ಅಂತ ಮೊದಲ ಬರಸ್ಕೋರಿ.’